19 ಲೀಟರ್ ಅಳಿಯತನ

ಅಮೆರಿಕದ ಕಾನೂನಿನ ಪ್ರಕಾರ ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್ ಬಿಯರ್ ತಯಾರಿಸಿಕೊಳ್ಳಬಹುದು. ಅಂದರೆ ಸುಮಾರು 757 ಲೀಟರ್. ಮಾರುವಂತಿಲ್ಲ, ಮನೆಯವರು ಕುಡಿಯಬಹುದು, ಬಂದವರಿಗೆ ಕುಡಿಸಬಹುದು. ನಮ್ಮ ಮನೆಯಲ್ಲಿ ಇಬ್ಬರು ವಯಸ್ಕರಿದ್ದಾರೆಂದು ಸರ್ಕಾರ ನಂಬಿಕೊಂಡಿದೆ. ನನ್ನ ಹೆಂಡತಿಯ ಲೆಕ್ಕದಲ್ಲಿ ಇರುವುದು ಒಬ್ಬರೇ.

ಈ ಸವಲತ್ತು ಸುಲಭಕ್ಕೆ ಬಂದದ್ದಲ್ಲ. 1933ರಲ್ಲಿ ಪಾನನಿಷೇಧ ತೆಗೆದಾಗ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಅವಕಾಶವಾಯಿತು, ಬಿಯರ್ ಮಾತ್ರ ಹೊರಗೇ ಉಳಿಯಿತು. ಅದು ಒಳಗೆ ಬರಲು 45 ವರ್ಷ ಹಿಡಿಯಿತು. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅದರ ಮಸೂದೆಗೆ ಸಹಿ ಹಾಕಿದರು. ಅವರ ತಮ್ಮ ಬಿಲ್ಲಿಯ ಹೆಸರಿನ ಬಿಯರೊಂದು ಹಿಂದಿನ ವರ್ಷವೇ ಅಂಗಡಿಗೆ ಬಂದಿತ್ತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಆದರೂ ಹೇಳದೆ ಬಿಡಲು ಮನಸ್ಸು ಬರಲಿಲ್ಲ. ಇದೇ ಕೆಲಸವನ್ನು ನಾನು ತಿಪಟೂರಿನಲ್ಲಿ ಮಾಡಿದ್ದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪಂಚನಾಮೆ ನಡೆದು, ಮೇಜಿನ ಮೇಲೆ ಮಾಲು, ಮೇಜಿನ ಹಿಂದೆ ತಲೆ ತಗ್ಗಿಸಿದ ನಾನು, ಎಡಕ್ಕೂ ಬಲಕ್ಕೂ ಎದೆಯುಬ್ಬಿಸಿದ ಸಿಬ್ಬಂದಿ, ಇಷ್ಟು ಜನರಿರುವ ಫೋಟೊ ಮರುದಿನದ ಪೇಪರಿನ ಜಿಲ್ಲಾ ಪುಟದಲ್ಲಿ ಬರುತ್ತಿತ್ತು. ಆರೆಗಾನ್ ರಾಜ್ಯದ ಹಿಲ್ಸ್‌ಬರೊದಲ್ಲಿ ಮಾಡಿದ್ದರಿಂದ ಅಂಥ ಪ್ರಚಾರವೇನೂ ಸಿಗಲಿಲ್ಲ. ಆದ ಅವಮಾನವೆಲ್ಲ ಮಾವನ ಎದುರಿಗೇ ಆಯಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಅಂಥ ಕುಡುಕನಲ್ಲ. ನನ್ನ ತಾಕತ್ತು ಒಂದು ಬಾಟಲಿ. ಎರಡನೆಯದು ಅರ್ಧಕ್ಕೆ ಬರುವಷ್ಟರಲ್ಲಿ ರಾಜ್‌ಕುಮಾರ್ ಹಾಡು ಶುರುವಾಗಿ, ಹಾಡಿನ ಚರಣಕ್ಕೆ ಬರುವಷ್ಟರಲ್ಲಿ ನಿದ್ದೆ ಬಂದಿರುತ್ತದೆ. ಆದರೆ ಪೋರ್ಟ್‌ಲೆಂಡಿನ ಸುತ್ತಮುತ್ತ ಇದ್ದುಕೊಂಡು ಬಿಯರ್ ಬಗ್ಗೆ ಮಾತಾಡಲು ಬರದಿದ್ದರೆ ಆಫೀಸಿನ ಕ್ಯಾಂಟೀನಿನಲ್ಲಿ ಮೂಲೆಗುಂಪಾಗಬೇಕಾಗುತ್ತದೆ. ಹಾಗಾಗಿ ಮಾತು ಕಲಿತೆ. ಬಿಯರಿಗೆ ಕಹಿ ಕೊಡುವುದು ಹಾಪ್ಸ್ ಬಳ್ಳಿಯ ಹೂವು, ಅದರಲ್ಲಿ ಕ್ಯಾಸ್ಕೇಡ್ ಎಂಬ ತಳಿ ಹುಟ್ಟಿದ್ದು ಇಲ್ಲೇ ಕೊರ್ವಾಲಿಸ್‌ನಲ್ಲಿ, ಬೇಸಾಯಕ್ಕೆ ಬಿಡುಗಡೆಯಾದದ್ದು 1972ರಲ್ಲಿ, ಅಮೆರಿಕದ ಪೇಲ್ ಏಲ್‌ಗೆ ಚಕ್ಕೋತದಂಥ ಘಮ ಬಂದದ್ದು ಅದರಿಂದಲೇ ಎಂದೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದೆ. ಕೇಳಿ ಕೇಳಿ ಸಾಕಾದ ಗಡ್ಡದ ಸಹೋದ್ಯೋಗಿಯೊಬ್ಬ, 'ಇಷ್ಟೆಲ್ಲ ಗೊತ್ತಿದ್ದ ಮೇಲೆ ಮಾಡುವುದು ಯಾವಾಗ?' ಎಂದು ಕೇಳಿ, ತನ್ನ ಹಳೆಯ ಡ್ರಮ್ಮು, ಬಕೆಟ್ಟು, ಪೈಪುಗಳನ್ನೆಲ್ಲ ನನ್ನ ಕಾರಿಗೆ ತುಂಬಿದ. ಬಾಯಿ ಮುಚ್ಚಿಸುವ ಉಪಾಯವಿದ್ದಿರಬೇಕು.

ಕುದಿಸುವ ಕೆಲಸ ಕಷ್ಟದ್ದಲ್ಲ. ಬಾರ್ಲಿ ಮಾಲ್ಟಿನ ಪಾಕವನ್ನು ನೀರಿಗೆ ಹಾಕಿ ಕುದಿಸಿ, ಹಾಪ್ಸ್ ಹಾಕಿ, ಆರಿಸಿ, ಯೀಸ್ಟ್ ಉದುರಿಸಿ ಮುಚ್ಚಳ ಹಾಕಿದರೆ ಆಯಿತು. ಸಾರು ಮಾಡಲು ಬರುವವರಿಗೆ ಇದೂ ಬರುತ್ತದೆ. 19 ಲೀಟರ್ ಸಿಹಿ ಕಷಾಯ ಕೋಟು ನೇತುಹಾಕುವ ಕ್ಲಾಸೆಟ್ಟಿನಲ್ಲಿ ಹೋಗಿ ಕೂತಿತು. ಅದೇ ವಾರ ಅತ್ತೆ ಮಾವ ಎರಡೆರಡು ಸೂಟ್‌ಕೇಸ್ ಚಟ್ನಿಪುಡಿಯ ಸಮೇತ ತಿಪಟೂರಿನಿಂದ ಬಂದಿಳಿದರು.

'ಏನದು ಅಳಿಯಂದ್ರೇ, ಡ್ರಮ್ಮಿನಲ್ಲಿ?' ಅತ್ತೆ ಕೇಳಿದರು.

'ಬಾರ್ಲಿ ನೀರು ಅತ್ತೆ' ಎಂದೆ. ಸುಳ್ಳೇನಲ್ಲ. ಬಾರ್ಲಿಯೂ ಇತ್ತು, ನೀರೂ ಇತ್ತು.

'ಒಳ್ಳೇದು, ಉಷ್ಣಕ್ಕೆ ತಂಪು. ನಮಗೂ ಒಂದೊಂದು ಲೋಟ ಕೊಡಿ' ಎಂದರು.

ಬೆಳಿಗ್ಗೆ ಮಾವ ಕಾಫಿ ಲೋಟ ಹಿಡಿದು ಬಂದವರು ತಗ್ಗಿದ ದನಿಯಲ್ಲಿ, 'ನಿಮ್ಮ ಬಾರ್ಲಿ ನೀರು ರಾತ್ರಿಯೆಲ್ಲ ಗುಳುಗುಳು ಅಂತಿತ್ತು. ಅದಕ್ಕೇ ಉಷ್ಣ ಆಗಿದೆಯೋ ಹೆಂಗೆ?' ಎಂದರು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಹೇಳಿದೆ. ಜನ್ಮದಲ್ಲಿ ಒಂದು ಹನಿ ಮುಟ್ಟದ ಮನುಷ್ಯ. ಸಿಟ್ಟಾಗುತ್ತಾರೆ, ಮಗಳನ್ನು ಕೊಟ್ಟು ತಪ್ಪು ಮಾಡಿದೆ ಎನ್ನುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: 'ಆಗಿದೆಯೋ ಇಲ್ವೋ ಅಂತ ಹೆಂಗೆ ಗೊತ್ತು ಮಾಡ್ತೀರಿ?'

ಹೈಡ್ರೋಮೀಟರ್ ತೋರಿಸಿದೆ. ಮೊಮ್ಮಗಳನ್ನು ಏರ್‌ಪೋರ್ಟಿನಲ್ಲಿ ನೋಡಿದಾಗಲೂ ಅವರ ಕಣ್ಣು ಹಾಗೆ ಅರಳಿರಲಿಲ್ಲ. 'ಇದು ನಮ್ಮ ಲ್ಯಾಕ್ಟೋಮೀಟರ್ ಅಲ್ವೇನ್ರೀ!'

ನನ್ನ ಮಾವ ಹಾಲು ಉತ್ಪಾದಕರ ಸಹಕಾರ ಸಂಘದ ನಿವೃತ್ತ ಕಾರ್ಯದರ್ಶಿ. ದಿನಾ ಬೆಳಗ್ಗೆ ಸಂಜೆ ಊರಿನ ಎಲ್ಲರ ಹಾಲಿನಲ್ಲೂ ಗಾಜಿನ ಕಡ್ಡಿ ತೇಲಿಬಿಟ್ಟು, ಯಾರು ಎಷ್ಟು ನೀರು ಬೆರೆಸಿದ್ದಾರೆಂದು ಕಂಡುಹಿಡಿದು, ಒಂದೇ ಊರಿನಲ್ಲಿ ಅಷ್ಟು ಜನರ ದ್ವೇಷ ಕಟ್ಟಿಕೊಂಡೂ ನೆಮ್ಮದಿಯಾಗಿ ನಿವೃತ್ತರಾದವರು. ದ್ರವದಲ್ಲಿ ಸಕ್ಕರೆ ಹೆಚ್ಚಿದ್ದರೆ ಕಡ್ಡಿ ಮೇಲೆ ನಿಲ್ಲುತ್ತದೆ, ಯೀಸ್ಟ್ ಅದನ್ನು ತಿಂದು ಮುಗಿಸಿದಂತೆ ಕೆಳಗೆ ಮುಳುಗುತ್ತದೆ ಎಂದು ನಾನು ಹೇಳುವುದರೊಳಗೆ ಅವರಿಗೆ ಅರ್ಥವಾಗಿಹೋಗಿತ್ತು. ನಮ್ಮದು ಶುರುವಾದದ್ದು 1.050ರಲ್ಲಿ. 1.012ರ ಹತ್ತಿರ ಬಂದು, ಮೂರು ದಿನ ಅಲ್ಲೇ ನಿಂತರೆ ಬಾಟಲಿಗೆ ತುಂಬಬಹುದು. ಮಾವ ಮಗಳ ಹತ್ತಿರ ಒಂದು ನೋಟ್‌ಬುಕ್ ಇಸಕೊಂಡು ಗೆರೆ ಎಳೆದರು: ದಿನಾಂಕ, ವೇಳೆ, ಅಳತೆ, ಷರಾ.

ಅವರು ಷರಾ ಬರೆಯುತ್ತಿದ್ದಾಗ ನಾನು ಬಾಟಲಿಯ ಹಿಂದೆ ಬಿದ್ದಿದ್ದೆ. ಬಿಯರ್ ಮಾಡುವುದೆಂದರೆ ಮುಕ್ಕಾಲು ಪಾಲು ಬಾಟಲಿ ತೊಳೆಯುವುದು. ಈ ಸಂಗತಿಯನ್ನು ಯಾವ ಪುಸ್ತಕದವರೂ ರಕ್ಷಾಪುಟದ ಮೇಲೆ ಹಾಕುವುದಿಲ್ಲ. 19 ಲೀಟರಿಗೆ 355 ಮಿಲಿಲೀಟರಿನ ಬಾಟಲಿಗಳು 50ರ ಆಸುಪಾಸು ಬೇಕು. ಹೊಸವು ಸಿಗುತ್ತವೆ. ಆದರೆ ಖಾಲಿ ಬಾಟಲಿಗೆ ದುಡ್ಡು ಕೊಟ್ಟವರು ನಮ್ಮ ವಂಶದಲ್ಲೇ ಇಲ್ಲ. ಹಳೆಯವನ್ನು ಬಿಟ್ಟಿಯಾಗಿ ಎತ್ತೋಣವೆಂದರೆ ಆರೆಗಾನ್ ಸರ್ಕಾರ 1971ರಲ್ಲೇ ಬಾಟಲಿ ಕಾಯ್ದೆ ಮಾಡಿಟ್ಟಿದೆ, ಇಡೀ ಅಮೆರಿಕಕ್ಕೆ ಮೊದಲನೆಯದು; ಖಾಲಿ ಬಾಟಲಿ ಹಿಂದಿರುಗಿಸಿದರೆ ಈಗ 10 ಸೆಂಟ್ ಕೈಗೆ ಬರುತ್ತದೆ. ಹಾಗಾಗಿ ಯಾರ ಮನೆಯ ಖಾಲಿ ಬಾಟಲಿಯೂ ಅನಾಥವಲ್ಲ. ಸಹೋದ್ಯೋಗಿಗಳ ಮನೆಮನೆಗೆ ಹೋಗಿ, ಕಾಲಿಂಗ್ ಬೆಲ್ ಒತ್ತಿ, ದಾಕ್ಷಿಣ್ಯಕ್ಕೆ ಸಿಕ್ಕಿಸಿ ತಂದೆ. 'ಹಳೇ ಪೇಪರ್, ಖಾಲಿ ಸೀಸೆ' ಎಂದು ಕೂಗುವುದೊಂದು ಬಾಕಿ ಇತ್ತು.

ತಂದದ್ದರಲ್ಲಿ ಅರ್ಧ ಕೆಲಸಕ್ಕೆ ಬಾರದ್ದು. ಚೆಂದವಿದೆಯೆಂದು ಆರಿಸಿಕೊಂಡಿದ್ದ ಹಸಿರು ಮತ್ತು ಬಿಳಿ ಬಾಟಲಿಗಳನ್ನು ಗಡ್ಡದವನು ಮೊದಲೇ ತೆಗೆಸಿಹಾಕಿದ. ಬೆಳಕು ಬಿದ್ದರೆ ಹಾಪ್ಸಿನ ಕಹಿಯಂಶ ಒಡೆದು ಗಂಧಕದ ಸಂಯುಕ್ತವೊಂದು ಹುಟ್ಟುತ್ತದಂತೆ, ಅದರ ವಾಸನೆ ಸ್ಕಂಕ್ ಎಂಬ ಪ್ರಾಣಿ ಬಾಲವೆತ್ತಿ ಸಿಂಪಡಿಸುವುದರದ್ದೇ. ಕಂದು ಗಾಜು ಆ ಬೆಳಕನ್ನು ತಡೆಯುತ್ತದೆ. ಆಮೇಲೆ, ತಿರುಪು ಮುಚ್ಚಳದ ಬಾಟಲಿಗಳ ಕತ್ತಿಗೆ ನಮ್ಮ ಮುಚ್ಚಳ ಸರಿಯಾಗಿ ಕೂರುವುದಿಲ್ಲವೆಂದು ಅವೂ ಹೋದವು. ಮತ್ತೆ ಮನೆಮನೆ ಯಾತ್ರೆ.

ವಾರವಿಡೀ ಕಾರಿನಿಂದ ಖಾಲಿ ಬಾಟಲಿಯ ಡಬ್ಬಗಳನ್ನು ಇಳಿಸುತ್ತಿದ್ದ ನನ್ನನ್ನು ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಗಮನಿಸುತ್ತಿದ್ದರು. ಒಂದು ಸಂಜೆ ಬಂದು ನನ್ನ ಕೈ ಹಿಡಿದುಕೊಂಡು, ತಮ್ಮ ಚರ್ಚಿನಲ್ಲಿ ಗುರುವಾರ ಸಂಜೆ ಕುಡಿತ ಬಿಡಬೇಕೆನ್ನುವವರೆಲ್ಲ ಸೇರುತ್ತಾರೆಂದೂ, ನಾಚಿಕೆಪಟ್ಟುಕೊಳ್ಳುವಂಥದ್ದು ಏನೂ ಇಲ್ಲವೆಂದೂ ಹೇಳಿ ಒಂದು ಕರಪತ್ರ ಕೊಟ್ಟು ಹೋದರು. ಹೆಂಡತಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ಲೇಬಲ್ ಕೀಳಲು ಬಾಟಲಿಗಳನ್ನು ಬಿಸಿನೀರು, ವಾಷಿಂಗ್ ಸೋಡದಲ್ಲಿ ನೆನೆಹಾಕಬೇಕು. ಅಷ್ಟು ದೊಡ್ಡ ಪಾತ್ರೆ ಮನೆಯಲ್ಲಿ ಇದ್ದದ್ದು ಸ್ನಾನದ ತೊಟ್ಟಿ ಒಂದೇ. ಟವೆಲ್ ಹೆಗಲಿಗೆ ಹಾಕಿಕೊಂಡು ಹೋದ ಅತ್ತೆ ಹಾಗೆಯೇ ಹಿಂದಿರುಗಿ, 'ಅಲ್ಲಿ ಆಗಲೇ ಯಾರೋ ಮಾಡ್ತಿದಾರೆ' ಎಂದರು. ಕೆಲವು ಲೇಬಲ್ ತಾವಾಗಿಯೇ ಬಿಟ್ಟುಕೊಂಡು ತೇಲಿದವು. ಕೆಲವು ಕಂಪನಿಗಳ ಅಂಟು ಮಾತ್ರ ಉಗುರು ಕಿತ್ತುಬಂದರೂ ಬರಲಿಲ್ಲ. ನನ್ನ ಅವಸ್ಥೆ ನೋಡಲಾರದೆ ಅತ್ತೆ ಕೊಬ್ಬರಿ ಎಣ್ಣೆಯ ಬಾಟಲಿ ತಂದು ಮುಂದಿಟ್ಟರು. 'ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಏನು ಹಚ್ಕೊತೀವಿ?' ಹಚ್ಚಿ ಉಜ್ಜಿದರೆ ಅಂಟು ಉಂಡೆಯುಂಡೆಯಾಗಿ ಬಂತು. ಐಐಟಿಯಲ್ಲಿ ಓದಿಲ್ಲ ನಾನು, ಆದರೂ ಎಂಜಿನಿಯರ್ ಎಂದು ಹೇಳಿಕೊಳ್ಳುತ್ತಿದ್ದೆನಲ್ಲ, ಅವತ್ತಿನಿಂದ ಸ್ವಲ್ಪ ತಗ್ಗಿಸಿದೆ.

ತಗ್ಗಿಸಿದ್ದು ಸಾಲದಾಯಿತು. ಬಾಟಲಿಗೆ ತುಂಬುವ ದಿನ ಬೆಳಿಗ್ಗೆ ಮಾವ ನೋಟ್‌ಬುಕ್ ಹಿಡಿದು ಬಂದರು. 'ಮೊನ್ನೆ 20 ಇತ್ತು, ನಿನ್ನೆ 18, ಇವತ್ತು 16. ಇನ್ನೂ ಇಳೀತಿದೆ ಕಣ್ರೀ. ತಡೀರಿ.'

ತಡೆಯುವ ಹಾಗಿರಲಿಲ್ಲ. ಜುಲೈ 4ರ ಸಂಜೆಗೆ ಆಫೀಸಿನವರನ್ನೆಲ್ಲ ಮನೆಗೆ ಕರೆದಾಗಿತ್ತು, 'ನನ್ನದೇ ಬಿಯರ್' ಎಂದು ಹೇಳಿಕೊಂಡೂ ಆಗಿತ್ತು. ಬಾಟಲಿಯೊಳಗೆ ಗ್ಯಾಸ್ ಕಟ್ಟಲು ಎರಡು ವಾರವಾದರೂ ಬೇಕು. 'ಮಾವ, ಅದು ಟೆಂಪರೇಚರಿನ ವ್ಯತ್ಯಾಸ. ಹೈಡ್ರೋಮೀಟರ್ ಸರಿಯಾಗಿ ತೋರಿಸೋದು ಹದಿನೈದೂವರೆ ಡಿಗ್ರಿಯಲ್ಲಿ' ಎಂದೆ, ಎಂಜಿನಿಯರ್ ದನಿಯಲ್ಲಿ.

'ಟೆಂಪರೇಚರ್ ಕಳೆದೇ ಬರ್ದಿದೀನಿ' ಎಂದರು ಮಾವ, ಷರಾ ಕಾಲಂ ತೋರಿಸುತ್ತ. 'ಇಳೀತಿದೆ ಅಂದ್ರೆ ಒಳಗೆ ಊಟ ನಡೀತಿದೆ. ಪಂಕ್ತೀಲಿ ಕೂತವರನ್ನ ಎಲೆ ಮುಂದಿಂದ ಎಬ್ಬಿಸಬಾರದು.'

ಎಬ್ಬಿಸಿದೆ.

ತುಂಬುವ ಮುಂಚೆ ಬಕೆಟ್, ಪೈಪು, ಬಾಟಲಿ, ಮುಚ್ಚಳ, ಚಮಚ, ನನ್ನ ಕೈ, ಎಲ್ಲವೂ ಸ್ಯಾನಿಟೈಸರಿನಲ್ಲಿ ಮುಳುಗಿ ಏಳಬೇಕು. ಒಂದು ಬ್ಯಾಕ್ಟೀರಿಯ ಹೊಕ್ಕರೂ ಅಷ್ಟೂ ಹುಳಿಯಾಗುತ್ತದೆ. ಹುಣಸೆಹಣ್ಣಿಗೆಂದು ಅಡುಗೆಮನೆಗೆ ಬಂದ ಅತ್ತೆಗೆ 'ಮುಟ್ಟಬೇಡಿ!' ಎಂದು ಕಿರುಚಿದೆ. ಐವತ್ತು ವರ್ಷ ಆ ಮಾತನ್ನು ಬೇರೆಯವರಿಗೆ ಹೇಳುತ್ತ ಬಂದಿದ್ದ ಹೆಂಗಸು, ಹೊಸ್ತಿಲಾಚೆ ನಿಂತು ಸೆರಗು ಬಿಗಿ ಮಾಡಿಕೊಂಡು, 'ಮಡಿ ಯಾವಾಗ ಬಿಡ್ತೀರಿ? ಸಾರು ಆಗಬೇಕು' ಎಂದು ಕೇಳಿದರು.

ಬಾಟಲಿಯಲ್ಲಿ ಗ್ಯಾಸ್ ಕಟ್ಟುವುದಕ್ಕೆ ಯಂತ್ರ ಬೇಕಿಲ್ಲ. ತುಂಬುವ ಮುಂಚೆ ಅಷ್ಟೂ ಬಿಯರಿಗೆ 125 ಗ್ರಾಮಿನಷ್ಟು ಸಕ್ಕರೆಯನ್ನು ನೀರಲ್ಲಿ ಕುದಿಸಿ ಬೆರೆಸಿದರೆ, ಉಳಿದಿರುವ ಯೀಸ್ಟ್ ಅದನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಮುಚ್ಚಳ ಬಿಗಿಯಾಗಿರುವುದರಿಂದ ಅದು ಎಲ್ಲಿಗೂ ಹೋಗಲಾರದೆ ಬಿಯರಿನಲ್ಲೇ ಕರಗುತ್ತದೆ. ಬಿಯರಿನ ಎರಡೂವರೆ ಪಟ್ಟು ಗಾತ್ರದ ಗ್ಯಾಸ್ ಒಳಗಿದ್ದರೆ ಹದ. ಹಳೆಯ ಸಕ್ಕರೆ ಪೂರ್ತಿ ಮುಗಿದಿದ್ದರೆ ಮಾತ್ರ ಈ ಲೆಕ್ಕ. ನಾನು ಉಣ್ಣುತ್ತಿದ್ದವರನ್ನು ಎಬ್ಬಿಸಿ, ಕೈಗೆ ಬುತ್ತಿಯನ್ನೂ ಕಟ್ಟಿಕೊಟ್ಟು, ಕೋಣೆಯಲ್ಲಿ ಕೂಡಿಹಾಕಿ ಬೀಗ ಜಡಿಯಲು ಹೊರಟಿದ್ದೆ.

ಡ್ರಮ್ಮನ್ನು ಕಟ್ಟೆಯ ಮೇಲಿಟ್ಟು, ನಲ್ಲಿಯಿರುವ ಬಕೆಟ್ಟನ್ನು ಕೆಳಗೆ ಸ್ಟೂಲಿನ ಮೇಲಿಟ್ಟೆ. ತಳದ ಗಸಿ ಕದಡದಂತೆ ಪೈಪನ್ನು ಮೇಲೆಯೇ ಹಿಡಿಯಬೇಕು. ಒಮ್ಮೆ ಪಂಪ್ ಎಳೆದದ್ದೇ ಜೇನಿನ ಬಣ್ಣದ ಬಿಯರ್ ಸದ್ದಿಲ್ಲದೆ ಇಳಿಯತೊಡಗಿತು. ನೊರೆಯಿಲ್ಲ, ಗುಳ್ಳೆಯಿಲ್ಲ, ಗಾಳಿ ಬೆರೆಯುತ್ತಿಲ್ಲ. ಪುಸ್ತಕದಲ್ಲಿ ಹೇಳಿದ ಹಾಗೇ ನಡೆಯುತ್ತಿದೆಯಲ್ಲ ಎಂದು ಡ್ರಮ್ಮನ್ನೇ ನೋಡುತ್ತ ನಿಂತೆ. ಎಷ್ಟು ಹೊತ್ತಾದರೂ ಕೆಳಗಿನ ಬಕೆಟ್ ತುಂಬುತ್ತಿಲ್ಲ ಎನ್ನುವುದು ಗಮನಕ್ಕೆ ಬರಲಿಲ್ಲ.

'ಅಳಿಯಂದ್ರೇ, ನಿಮ್ಮ ಕಾಲು ನೆನೀತಿದೆ' ಎಂದರು ಅತ್ತೆ, ಹೊಸ್ತಿಲಾಚೆಯಿಂದ.

ಬಕೆಟ್ಟಿನ ನಲ್ಲಿ ಮುಚ್ಚಿರಲಿಲ್ಲ. ಮದುವೆಯ ದಿನ ಅತ್ತೆ ನೀರೆರೆದು, ಮಾವ ಬೆಳ್ಳಿ ತಟ್ಟೆಯಲ್ಲಿ ನನ್ನ ಕಾಲು ತೊಳೆದಿದ್ದರು. ಈಗ ಅದೇ ಇಬ್ಬರ ಸಮ್ಮುಖದಲ್ಲಿ ಅದೇ ಕಾಲುಗಳಿಗೆ ಪೇಲ್ ಏಲ್ ಅಭಿಷೇಕ ನಡೆಯುತ್ತಿತ್ತು. ನಲ್ಲಿ ತಿರುಗಿಸಲು ಬಗ್ಗಿದವನು ಜಾರಿ, ಹಿಡಿದುಕೊಳ್ಳಲು ಸಿಕ್ಕಿದ್ದು ಪೈಪು. ಅದು ಕಿತ್ತುಬಂದು ಫ್ರಿಜ್ಜಿಗೂ, ಫ್ರಿಜ್ಜಿನ ಮೇಲಿದ್ದ ಕರಪತ್ರಕ್ಕೂ ಚಿಮುಕಿಸಿ ಸುಮ್ಮನಾಯಿತು. ಮಾವ ಪಂಚೆ ಎತ್ತಿ ಕಟ್ಟಿಕೊಂಡು ಒಳಗೆ ಬಂದವರೇ ಮೊದಲು ನಲ್ಲಿ ಮುಚ್ಚಿದರು, ಆಮೇಲೆ ನನ್ನನ್ನು ಎಬ್ಬಿಸಿದರು. ಆ ಕ್ರಮ ಸರಿಯಾದದ್ದೇ.

ಮುಂದಿನ ಕೆಲಸವೆಲ್ಲ ಅವರ ಉಸ್ತುವಾರಿಯಲ್ಲೇ ನಡೆಯಿತು. ಬಾಟಲಿಯ ತಳಕ್ಕೆ ಒತ್ತಿದರೆ ಬಿಯರ್ ಬಿಡುವ, ಎತ್ತಿದರೆ ನಿಲ್ಲುವ ಕೊಳವೆಯಲ್ಲಿ ನಾನು ತುಂಬುವುದು, ಎರಡು ಹಿಡಿಕೆಯ ಯಂತ್ರ ಒತ್ತಿ ಅವರು ಮುಚ್ಚಳ ಕೂರಿಸುವುದು. ನಾನು ಒತ್ತಿದ ಮೊದಲ ಮುಚ್ಚಳ ಸೊಟ್ಟಗಾಗಿ, ಎರಡನೆಯದಕ್ಕೆ ಬಾಟಲಿಯ ಕತ್ತೇ ಮುರಿದಿದ್ದರಿಂದ ಈ ಏರ್ಪಾಡು. ಇಂಥ ಮುಚ್ಚಳಕ್ಕೆ 1892ರಲ್ಲಿ ಪೇಟೆಂಟ್ ಪಡೆದವನು ಬಾಲ್ಟಿಮೋರಿನ ವಿಲಿಯಂ ಪೇಂಟರ್. ಆಗ ಅದರ ಅಂಚಿಗೆ 24 ಹಲ್ಲುಗಳಿದ್ದವು, ಈಗ 21 ಎಂದು ನಾನು ಹೇಳಿದೆ. ಕಟ್ಟಿಸಿಕೊಂಡ ಹಲ್ಲಿನ ಮಾವ ಹಿಡಿಕೆ ಒತ್ತುತ್ತಲೇ, 'ಪಾಪ, ಅದಕ್ಕೂ ವಯಸ್ಸಾಯ್ತಲ್ಲ' ಎಂದರು.

ಬಾಟಲಿಗಳು ಗ್ಯಾರೇಜಿಗೆ ಹೋದವು. ಜೂನ್ ಕಳೆದು ಬಿಸಿಲೇರಿತು. ರಾತ್ರಿ ಒಂದೊಂದು ಸಲ ಎಚ್ಚರವಾದಾಗ ಚಾರ್ಲಿ ಪಪಾಜಿಯನ್ ಅವರ 1984ರ ಪುಸ್ತಕ ತೆರೆಯುತ್ತಿದ್ದೆ, ಮನೆಯಲ್ಲಿ ಬಿಯರ್ ಮಾಡುವವರಿಗೆಲ್ಲ ಅದೇ ಪಾರಾಯಣ ಗ್ರಂಥ. ಗಾಬರಿಯಾಗಬೇಡಿ ಎಂದು ಅದರಲ್ಲಿ ಮತ್ತೆ ಮತ್ತೆ ಧೈರ್ಯ ಹೇಳುತ್ತಾರೆ. ಅವರು ಓದಿದ್ದು ನ್ಯೂಕ್ಲಿಯರ್ ಎಂಜಿನಿಯರಿಂಗ್ ಎಂದು ಆಮೇಲೆ ತಿಳಿಯಿತು. ಸ್ಫೋಟದ ವಿಷಯದಲ್ಲಿ ಅವರ ಅಳತೆಗೋಲೇ ಬೇರೆ.

ಜುಲೈ 4. ಹಿತ್ತಲಲ್ಲಿ ಕುರ್ಚಿ, ಮಸಾಲೆ ಕಡಲೆಬೀಜ, ಅತ್ತೆಯ ಆಂಬೊಡೆ. ಗಡ್ಡದವನೂ ಸೇರಿ ಎಲ್ಲರೂ ಲೋಟ ಹಿಡಿದು ಕಾದಿದ್ದರು. ಸಣ್ಣ ಭಾಷಣ ಮಾಡಿ ಮೊದಲ ಬಾಟಲಿಯ ಮುಚ್ಚಳ ಎತ್ತಿದೆ. ಮುಚ್ಚಳ ಎಲ್ಲಿಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ನೊರೆ ನನ್ನ ತಲೆಗಿಂತ ಮೇಲೆ ಹೋಗಿ, ಅಲ್ಲಿಂದ ಯೋಚಿಸಿದ ಹಾಗೆ ಮಾಡಿ, ಆಂಬೊಡೆಯ ತಟ್ಟೆಗೆ ಇಳಿಯಿತು. ಬಾಟಲಿಯಲ್ಲಿ ಉಳಿದದ್ದು ಎರಡು ಚಮಚ ಗಸಿ. ಗಡ್ಡದವನು ಮುಖ ಒರೆಸಿಕೊಂಡು, ತುಂಬುವಾಗ ಅಳತೆ ಎಷ್ಟಿತ್ತೆಂದು ಕೇಳಿದ. ನಾನು ಬಾಯಿ ತೆರೆಯುವ ಮುಂಚೆ ಮಾವ, 'ಸಿಕ್ಸ್‌ಟೀನ್. ಐ ಟೋಲ್ಡ್ ಹಿಮ್' ಎಂದರು. ಅಮೆರಿಕಕ್ಕೆ ಬಂದ ಮೇಲೆ ಅವರು ಆಡಿದ ಮೊದಲ ಇಂಗ್ಲಿಷ್ ವಾಕ್ಯ ಅದು.

ಕತ್ತಲಾಗುತ್ತಿದ್ದಂತೆ ಸುತ್ತಮುತ್ತ ಪಟಾಕಿ ಶುರುವಾಯಿತು. 'ಇವರಿಗೂ ದೀಪಾವಳಿನಾ?' ಎಂದರು ಅತ್ತೆ. ಸ್ವಾತಂತ್ರ್ಯ ದಿನಾಚರಣೆ ಎಂದು ವಿವರಿಸುತ್ತಿದ್ದಾಗ ತೀರಾ ಹತ್ತಿರದಲ್ಲಿ 'ಠಪ್' ಎಂದಿತು. ಹಿಂದೆಯೇ ಇನ್ನೊಂದು. 'ಪಕ್ಕದವರು ಜೋರಾಗೇ ಹೊಡೀತಿದಾರೆ' ಎಂದೆ. ಪಕ್ಕದ ಮನೆಯ ಅಜ್ಜಿ ಬೇಲಿಗೆ ಕೈಯಿಟ್ಟುಕೊಂಡು ನಮ್ಮ ಗ್ಯಾರೇಜನ್ನೇ ನೋಡುತ್ತ ನಿಂತಿದ್ದರು. ಅದರ ಬಾಗಿಲಿನ ಅಡಿಯಿಂದ ನೊರೆ ಹೊರಗೆ ಬರುತ್ತಿತ್ತು.

ಒಳಗೆ ಯಾರೂ ಹೋಗಕೂಡದು, ಗಾಜು ಸಿಡಿದರೆ ಕಣ್ಣು ಹೋಗುತ್ತದೆ ಎಂದು ಗಡ್ಡದವನು ಎಲ್ಲರನ್ನೂ ತಡೆದ. ತಣ್ಣಗಾದರೆ ಒತ್ತಡ ಇಳಿಯುತ್ತದೆ ಎನ್ನುವುದರಲ್ಲಿ ಅವನಿಗೂ ಮಾವನಿಗೂ ಭಾಷೆ ಬೇಕಿಲ್ಲದೆ ಒಮ್ಮತವಾಯಿತು. ಆದರೆ ಯಾರಾದರೂ ಹೋಗಿ ಐಸ್ ಸುರಿಯಬೇಕಲ್ಲ. ಎಲ್ಲರೂ ನನ್ನನ್ನು ನೋಡಿದರು. ಹಿಮಕ್ಕೆಂದು ಕೊಂಡಿದ್ದ ದಪ್ಪ ಜಾಕೆಟ್, ಸ್ಕೀ ಕನ್ನಡಕ, ಓವನ್ನಿನ ಕೈಗವಸು, ಕತ್ತಿನ ಸುತ್ತ ಅತ್ತೆಯ ಉಣ್ಣೆ ಶಾಲು, ಎದೆಗೆ ಅಡ್ಡವಾಗಿ ಮಗಳ ಸ್ಲೆಡ್. ಜುಲೈ ಸೆಕೆಯಲ್ಲಿ ಹೀಗೆ ಸಿಂಗರಿಸಿಕೊಂಡು ಹೊರಟ ನನ್ನ ಫೋಟೊ ಆಫೀಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೂ ಇದೆ. ಅಬಕಾರಿಯವರ ಕೈಗೆ ಸಿಕ್ಕಿದ್ದರೂ ಅದಕ್ಕಿಂತ ಚೆನ್ನಾಗಿ ಬರುತ್ತಿದ್ದೆ. ಒದ್ದೆ ಕಂಬಳಿ ಎಸೆದು, ಅತಿಥಿಗಳ ಕೋಲಾಕ್ಕೆಂದು ತಂದಿದ್ದ ಐಸನ್ನೆಲ್ಲ ಅದರ ಮೇಲೆ ಸುರಿದು ಓಡಿಬಂದೆ. ಬೇಲಿಯ ಹತ್ತಿರ ಅಜ್ಜಿ ಇನ್ನೊಂದು ಕರಪತ್ರ ಹಿಡಿದು ನಿಂತಿದ್ದರು.

ಸಿಡಿಯದೆ ಉಳಿದವು ಅರ್ಧದಷ್ಟು. ಪೂರ್ತಿ ತಣಿದ ಮೇಲೆ ಅದೇ ವೇಷದಲ್ಲಿ ಒಂದೊಂದರ ಮುಚ್ಚಳ ಸ್ವಲ್ಪವೇ ಸಡಿಲಿಸಿ, 'ಟುಸ್' ಎನಿಸಿ, ಮತ್ತೆ ಒತ್ತಿ ಮುಚ್ಚಬೇಕಾಯಿತು. ಮಾವ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತು ಲೆಕ್ಕ ಬರೆದರು: ಒಡೆದದ್ದು ಇಷ್ಟು, ನೆಲಕ್ಕೆ ಹೋದದ್ದು ಇಷ್ಟು, ವಾಪಸ್ ಕೊಟ್ಟಿದ್ದರೆ ಬಾಟಲಿಗೆ 10 ಸೆಂಟಿನಂತೆ ಬರಬೇಕಿದ್ದದ್ದು ಇಷ್ಟು. ಒಟ್ಟು ಖರ್ಚನ್ನು ಉಳಿದ ಬಾಟಲಿಗಳಿಗೆ ಭಾಗಿಸಿದಾಗ ಒಂದೊಂದರ ಬೆಲೆ ಅಂಗಡಿಯ ಬಿಯರಿನ ನಾಲ್ಕರಷ್ಟಾಯಿತು. ಷರಾ ಕಾಲಮ್ಮಿನಲ್ಲಿ 'ಅವಸರ' ಎಂದು ಬರೆದು ಕೆಳಗೆ ಗೆರೆ ಎಳೆದರು.

ಮುಂದಿನ ಬಿಯರ್ ಅವರದೇ. ಅಳತೆ ಮೂರು ದಿನ ನಿಂತಲ್ಲೇ ನಿಂತ ಮೇಲೂ ಇರಲಿ ಎಂದು ಇನ್ನೂ ಎರಡು ದಿನ ಕಾದರು. ನನಗೆ ಕೊಟ್ಟದ್ದು ಬಾಟಲಿ ತೊಳೆಯುವ ಇಲಾಖೆ. ಕುಡಿದ ಗಡ್ಡದವನು ಲೋಟ ಕೆಳಗಿಡದೆ, ಈ ಮನುಷ್ಯ ಇನ್ನೆಷ್ಟು ತಿಂಗಳು ಇಲ್ಲಿರುತ್ತಾರೆ ಎಂದು ಕೇಳಿದ. ಮಾವ ಅದನ್ನು ಮೂಸಿಯೂ ನೋಡಲಿಲ್ಲ.

ನವೆಂಬರಿನಲ್ಲಿ ಊರಿಗೆ ಹೊರಡುವಾಗ ಅವರು ಕೇಳಿದ ಉಡುಗೊರೆ ಒಂದೇ, ಆ ಹೈಡ್ರೋಮೀಟರ್. ಸಂಘದ ಲ್ಯಾಕ್ಟೋಮೀಟರನ್ನು ನಿವೃತ್ತಿಯ ದಿನವೇ ರಸೀದಿ ಪಡೆದು ಒಪ್ಪಿಸಿಬಿಟ್ಟಿದ್ದರು. ನಮ್ಮ ಫ್ರಿಜ್ಜಿನ ಹಾಲಿನಲ್ಲಿ ಅದನ್ನು ತೇಲಿಬಿಟ್ಟು, 1.030 ತೋರಿಸಿದ್ದು ನೋಡಿ, 'ಪರವಾಗಿಲ್ಲ, ಇಲ್ಲಿಯವರು ನೀರು ಹಾಕಿಲ್ಲ' ಎಂದು ಖಾತ್ರಿ ಮಾಡಿಕೊಂಡರು. ಕಾಲುಚೀಲದೊಳಗೆ ಸುತ್ತಿ, ಸೂಟ್‌ಕೇಸಿನ ನಡುವೆ ಇಟ್ಟು ಒಯ್ದರು. ಈಗ ತಿಪಟೂರಿನಲ್ಲಿ ಹಾಲಿನವನು ಇಡೀ ಬೀದಿಗೆ ಒಂದು ಕ್ಯಾನು, ನಮ್ಮ ಮಾವನ ಮನೆಗೇ ಬೇರೆ ಒಂದು ಕ್ಯಾನು ತರುತ್ತಾನಂತೆ.